ಯೂನಿವರ್ಸಿಟಿ ಮೇಲ್‌ಗೆ ಥಂಡರ್‌ಬರ್ಡ್, ಔಟ್‌ಲುಕ್, ಎವಲ್ಯೂಷನ್: ಮೂರನ್ನೂ ಬಳಸಿ ನೋಡಿದ ಮೇಲೆ

ನನ್ನ ಹತ್ತಿರ ಎರಡು ಮೇಲ್ ಅಕೌಂಟ್ ಇವೆ, ಎರಡೂ ನನ್ನವಲ್ಲ. ಒಂದು ಮೈಸೂರಿನಲ್ಲಿ ನಾನು ಪಿಎಚ್‌ಡಿ ಮಾಡುತ್ತಿರುವ ವಿಶ್ವವಿದ್ಯಾಲಯ ಕೊಟ್ಟಿದ್ದು, ಅದು ಗೂಗಲ್ ಮೇಲೆ ನಡೆಯುತ್ತದೆ. ಇನ್ನೊಂದು ಮಂಡ್ಯದಲ್ಲಿ ನಾನು ಅತಿಥಿ ಉಪನ್ಯಾಸಕಿಯಾಗಿರುವ ಕಾಲೇಜಿನದು, ಅದು ಮೈಕ್ರೋಸಾಫ್ಟ್ 365. ನನ್ನವಲ್ಲ ಅಂತ ಯಾಕೆ ಹೇಳಿದೆ ಅಂದ್ರೆ, ಹಿಂದೆ ಬೇರೆ ಊರಿನ ಒಂದು ಕಾಲೇಜಿನಲ್ಲಿ ನನ್ನ ಅವಧಿ ಮುಗಿದ ವಾರದಲ್ಲೇ ಅಕೌಂಟ್ ಮುಚ್ಚಿಬಿಟ್ಟರು. ವಿದ್ಯಾರ್ಥಿಗಳು ಕಳಿಸಿದ್ದ ಪ್ರಾಜೆಕ್ಟುಗಳು, ಒಂದು ಲೇಖನಕ್ಕೆ ಬಂದಿದ್ದ ತಿದ್ದುಪಡಿಗಳು, ಎರಡು ವರ್ಷದ ಪತ್ರಗಳು ಎಲ್ಲಾ ಹೋದವು. ಮೇಲನ್ನು ಬ್ರೌಸರ್‌ನಲ್ಲಿ ಮಾತ್ರ ನೋಡುವ ಅಭ್ಯಾಸ ಅವತ್ತೇ ಬಿಟ್ಟೆ.

ಇನ್ನೊಂದು ಕಾರಣ ರೈಲು. ವಾರದಲ್ಲಿ ಮೂರು ದಿನ ಮಂಡ್ಯದಿಂದ ಮೈಸೂರಿಗೆ ಹೋಗುತ್ತೇನೆ. ಪಾಂಡವಪುರ ದಾಟಿದ ಮೇಲೆ ನೆಟ್‌ವರ್ಕ್ ಬರುತ್ತೆ, ಹೋಗುತ್ತೆ. ಗೈಡ್ ಗುರುತು ಹಾಕಿ ಕಳಿಸಿದ ಅಧ್ಯಾಯವನ್ನು ಸಮಾಧಾನವಾಗಿ ಓದಲು ನನಗೆ ಸಿಗುವುದು ಅದೇ ಹೊತ್ತು. ಹಾಗಾಗಿ ಮೇಲೂ ಅಟ್ಯಾಚ್‌ಮೆಂಟೂ ಲ್ಯಾಪ್‌ಟಾಪ್‌ನಲ್ಲೇ ಇರಬೇಕು. ಅದಕ್ಕೆ ಥಂಡರ್‌ಬರ್ಡ್, ಔಟ್‌ಲುಕ್, ಎವಲ್ಯೂಷನ್ ಅನ್ನುವ ಮೂರು ಮೇಲ್ ಪ್ರೋಗ್ರಾಂಗಳನ್ನೂ ಹೆಚ್ಚುಕಡಿಮೆ ಒಂದೊಂದು ತಿಂಗಳು ಬಳಸಿ ನೋಡಿದೆ.

ಔಟ್‌ಲುಕ್‌ನಿಂದ ಶುರು ಮಾಡುತ್ತೇನೆ, ಯಾಕಂದ್ರೆ ವಿಂಡೋಸ್‌ನಲ್ಲಿ ಅದು ಮೊದಲೇ ಕೂತಿರುತ್ತದೆ. ಇಲ್ಲಿ ಒಂದು ಗೊಂದಲ ಇದೆ: ಔಟ್‌ಲುಕ್ ಅಂದ್ರೆ ಈಗ ಎರಡು. ಹಳೆಯದಕ್ಕೆ ಕ್ಲಾಸಿಕ್ ಅನ್ನುತ್ತಾರೆ, ಅದು ದುಡ್ಡು ಕೊಟ್ಟು ಪಡೆಯುವ ಆಫೀಸ್ ಜೊತೆ ಬರುತ್ತದೆ. ಎಷ್ಟೋ ಕಾಲೇಜುಗಳು ಕೊಡುವ ಎ1 ಲೈಸೆನ್ಸ್‌ನಲ್ಲಿ ವೆಬ್ ಆಫೀಸ್ ಮಾತ್ರ ಇರುತ್ತದೆ, ಕ್ಲಾಸಿಕ್ ಸಿಗಲ್ಲ. ಹೊಸದು ಉಚಿತ. ಕಾಲೇಜಿನ ಅಕೌಂಟ್ ಹಾಕಲು ಹೊಸ ಔಟ್‌ಲುಕ್‌ನಷ್ಟು ಸುಲಭ ಯಾವುದೂ ಇಲ್ಲ. ವಿಳಾಸ, ಪಾಸ್‌ವರ್ಡ್, ಫೋನ್‌ಗೆ ಬಂದ ಅನುಮತಿ, ಮುಗೀತು. ಕ್ಯಾಲೆಂಡರ್, ಸಿಬ್ಬಂದಿಯ ವಿಳಾಸ ಪಟ್ಟಿ ತಾವಾಗಿಯೇ ಬರುತ್ತವೆ. ಆದರೆ ಯೂನಿವರ್ಸಿಟಿಯ ಗೂಗಲ್ ಅಕೌಂಟ್ ಸೇರಿಸಲು ಹೋದಾಗ, ಮೇಲನ್ನು ಮೈಕ್ರೋಸಾಫ್ಟ್ ಕ್ಲೌಡ್ ಜೊತೆ ಸಿಂಕ್ ಮಾಡಬೇಕು ಅಂತ ಒಪ್ಪಿಗೆ ಕೇಳುತ್ತದೆ. ಅಂದ್ರೆ ಗೂಗಲ್‌ನಲ್ಲಿರುವ ಮೇಲ್‌ನ ಪ್ರತಿ ಮೈಕ್ರೋಸಾಫ್ಟ್ ಸರ್ವರ್‌ಗೂ ಹೋಗುತ್ತದೆ. ನನ್ನ ಸಂಶೋಧನೆಯಲ್ಲಿ ಸಂದರ್ಶನ ಕೊಟ್ಟ ರೈತ ಹೆಣ್ಣುಮಕ್ಕಳ ಹೆಸರು, ಊರು, ಸಾಲದ ವಿವರ ಇವೆ. ಅವರಿಗೆ ಕೊಟ್ಟ ಮಾತು ನೆನಪಾಯಿತು, ಅಲ್ಲೇ ಕ್ಯಾನ್ಸಲ್ ಒತ್ತಿದೆ. ಕಾಲೇಜಿನ ಮೇಲ್‌ಗೆ ಮಾತ್ರ ಅದನ್ನು ಉಳಿಸಿಕೊಂಡೆ.

ಎವಲ್ಯೂಷನ್ ಲಿನಕ್ಸ್‌ನದು, ವಿಂಡೋಸ್‌ಗೆ ಸಿಗಲ್ಲ. ಲ್ಯಾಬ್‌ನ ಉಬುಂಟು ಯಂತ್ರದಲ್ಲಿ ಹಾಕಿದೆ. ಇಡಬ್ಲ್ಯುಎಸ್ ಅನ್ನುವ ಇನ್ನೊಂದು ಪ್ಯಾಕೇಜನ್ನೂ ಸೇರಿಸಿದರೆ ಮೈಕ್ರೋಸಾಫ್ಟ್ ಅಕೌಂಟಿನ ಮೇಲ್, ಕ್ಯಾಲೆಂಡರ್, ವಿಳಾಸ ಮೂರೂ ಒಂದೇ ಕಡೆ ಬರುತ್ತವೆ. ಚೆನ್ನಾಗಿದೆ, ಗಟ್ಟಿಯಾಗಿದೆ. ಆದರೆ ನನ್ನ ರೈಲಿನ ಲ್ಯಾಪ್‌ಟಾಪ್ ವಿಂಡೋಸ್. ಲಿನಕ್ಸ್ ಮಾತ್ರ ಬಳಸುವವರು ಇದನ್ನು ಖಂಡಿತ ನೋಡಿ.

ಥಂಡರ್‌ಬರ್ಡ್ ಬಗ್ಗೆ ಜಾಸ್ತಿ ಹೇಳಬೇಕು, ನಾನು ನಿಂತಿದ್ದೇ ಅಲ್ಲಿ. 2004ರಲ್ಲಿ ಮೊದಲ ಆವೃತ್ತಿ ಬಂದಿದ್ದು, ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಅಕೌಂಟ್ ಹಾಕುವಾಗ ಸರ್ವರ್ ವಿವರವನ್ನು ತಾನೇ ಹುಡುಕುತ್ತದೆ. ಸಿಗದಿದ್ದರೆ ಕೈಯಿಂದ ತುಂಬಬೇಕು. ಗೂಗಲ್‌ಗೆ ಮೇಲ್ ತರಿಸುವ ಐಮ್ಯಾಪ್‌ನ ಪೋರ್ಟ್, ಅಂದ್ರೆ ಸರ್ವರ್‌ನ ಬಾಗಿಲ ಸಂಖ್ಯೆ, 993; ಕಳಿಸುವ ಎಸ್‌ಎಂಟಿಪಿಯದು 465. ಮೈಕ್ರೋಸಾಫ್ಟ್‌ಗೆ 993 ಮತ್ತು 587. ಬಹಳ ಜನ ಎಡವುವುದು ಇದರ ಕೆಳಗಿನ ಸಾಲಿನಲ್ಲಿ. ದೃಢೀಕರಣದ ವಿಧಾನ ಅಂತ ಒಂದು ಆಯ್ಕೆ ಇದೆ, ಅದು ಸಾಮಾನ್ಯ ಪಾಸ್‌ವರ್ಡ್ ಅಂತ ಇದ್ದರೆ ಎಷ್ಟು ಸಲ ಸರಿಯಾದ ಪಾಸ್‌ವರ್ಡ್ ಹೊಡೆದರೂ ಲಾಗಿನ್ ಆಗಲ್ಲ. ಮೈಕ್ರೋಸಾಫ್ಟ್ 2022ರ ಅಕ್ಟೋಬರ್‌ನಿಂದ ಆ ದಾರಿ ಮುಚ್ಚುತ್ತಾ ಬಂತು, ಗೂಗಲ್ ಕೂಡ ಸಂಸ್ಥೆಗಳ ಅಕೌಂಟ್‌ಗಳಿಗೆ 2025ರಲ್ಲಿ ಮುಚ್ಚಿತು. ಅಲ್ಲಿ ಓಆತ್2 (OAuth2) ಆರಿಸಬೇಕು. ಆಗ ಯೂನಿವರ್ಸಿಟಿಯ ಲಾಗಿನ್ ಪುಟವೇ ಚಿಕ್ಕ ಕಿಟಕಿಯಲ್ಲಿ ತೆರೆಯುತ್ತದೆ. ಅಡ್ಮಿನ್ ಒಪ್ಪಿಗೆ ಬೇಕು ಅಂತ ಬಂದರೆ ನಿಮ್ಮ ತಪ್ಪಲ್ಲ, ಕಂಪ್ಯೂಟರ್ ವಿಭಾಗಕ್ಕೆ ಒಂದು ಅರ್ಜಿ ಕೊಡಿ.

ಮೊನ್ನೆ ನಮ್ಮ ವಿಭಾಗದ ಜೂನಿಯರ್ ಹುಡುಗ ಲ್ಯಾಪ್‌ಟಾಪ್ ತಂದು, "ಅಕ್ಕಾ, ಮೇಲ್ ಬರ್ತಿದೆ, ಕಳಿಸೋಕೆ ಮಾತ್ರ ಆಗ್ತಿಲ್ಲ" ಅಂದ. ನೋಡಿದರೆ ಬರುವ ಸರ್ವರ್‌ಗೆ ಓಆತ್2 ಹಾಕಿದ್ದ, ಕಳಿಸುವ ಸರ್ವರ್ ಹಳೆಯ ಪಾಸ್‌ವರ್ಡ್‌ನಲ್ಲೇ ಇತ್ತು. ಎರಡೂ ಬೇರೆ ಬೇರೆ ಜಾಗದಲ್ಲಿರುತ್ತವೆ, ಅಕೌಂಟ್ ಸೆಟ್ಟಿಂಗ್ಸ್‌ನ ಪಟ್ಟಿಯಲ್ಲಿ ಕಳಿಸುವ ಸರ್ವರ್ ತೀರಾ ಕೆಳಗೆ. ಬದಲಾಯಿಸಿದ ಕೂಡಲೇ ಹೋಯಿತು.

ಕನ್ನಡ ಅಕ್ಷರ ಚಿಕ್ಕದಾಗಿ ಕಂಡರೆ ಫಾಂಟ್ ಸೆಟ್ಟಿಂಗ್‌ನಲ್ಲಿ ಕನ್ನಡಕ್ಕೇ ಬೇರೆ ಆಯ್ಕೆ ಇದೆ. ನಾನು ನೋಟೋ ಸ್ಯಾನ್ಸ್ ಕನ್ನಡ ಹಾಕಿಕೊಂಡು ಅಳತೆ ದೊಡ್ಡದು ಮಾಡಿದ್ದೇನೆ, ರೈಲಿನ ಅಲುಗಾಟದಲ್ಲೂ ಒತ್ತಕ್ಷರ ಚೆನ್ನಾಗಿ ಕಾಣುತ್ತವೆ.

ಈಗ ಮುಖ್ಯ ವಿಷಯ. ಆಫ್‌ಲೈನ್‌ನಲ್ಲಿ ಮೇಲ್ ಕಾಣಿಸಿತು ಅಂದ್ರೆ ಅದು ನಮ್ಮ ಹತ್ತಿರ ಉಳಿಯಿತು ಅಂತಲ್ಲ. ಐಮ್ಯಾಪ್ ಕನ್ನಡಿ ಇದ್ದ ಹಾಗೆ, ಸರ್ವರ್‌ನಲ್ಲಿ ಅಳಿಸಿದರೆ ಇಲ್ಲೂ ಅಳಿಯುತ್ತದೆ. ಕ್ಲಾಸಿಕ್ ಔಟ್‌ಲುಕ್ ಲ್ಯಾಪ್‌ಟಾಪ್‌ನಲ್ಲಿ ಮೇಲ್ ಇಡುವ ಓಎಸ್‌ಟಿ ಕಡತವೂ ಅದೇ ಅಕೌಂಟಿಗೆ ಕಟ್ಟಿಕೊಂಡಿರುತ್ತದೆ, ಪಿಎಸ್‌ಟಿ ಅನ್ನುವ ಬೇರೆ ಕಡತಕ್ಕೆ ಎಕ್ಸ್‌ಪೋರ್ಟ್ ಮಾಡಿದರೆ ಮಾತ್ರ ಬೇರೆಯಾಗುತ್ತದೆ. ಥಂಡರ್‌ಬರ್ಡ್‌ನಲ್ಲಿ ಎಡಗಡೆ ಲೋಕಲ್ ಫೋಲ್ಡರ್ಸ್ ಅಂತ ಇದೆ. ಅದರೊಳಗೆ ವರ್ಷಕ್ಕೊಂದು ಫೋಲ್ಡರ್ ಮಾಡಿ, ಮೇಲ್‌ಗಳನ್ನು ಆರಿಸಿ ರೈಟ್ ಕ್ಲಿಕ್ ಮಾಡಿ ಅಲ್ಲಿಗೆ ಕಾಪಿ ಮಾಡುತ್ತೇನೆ. ಮೂವ್ ಅಲ್ಲ, ಕಾಪಿ. ಆ ಪ್ರತಿಗೆ ಸರ್ವರ್ ಜೊತೆ ಸಂಬಂಧವೇ ಇಲ್ಲ.

ಅದು ಎಂಬಾಕ್ಸ್ ಅನ್ನುವ ಹಳೆಯ, ಎಲ್ಲರಿಗೂ ತೆರೆದ ರೂಪದಲ್ಲಿ ಕೂರುತ್ತದೆ. ಕುತೂಹಲಕ್ಕೆ ಒಂದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದೆ. ಕಳಿಸಿದವರ ವಿಳಾಸ, ದಿನಾಂಕ ಓದುವ ಹಾಗೇ ಇದ್ದವು, ಕನ್ನಡದ ಒಡಲು ಮಾತ್ರ ಬೇಸ್64 ಅನ್ನುವ ಸಂಕೇತ ರೂಪದ ಅಕ್ಷರಗಳ ಉದ್ದನೆ ಸಾಲುಗಳಾಗಿ ನಿಂತಿತ್ತು. ಅದೇ ಕಡತವನ್ನು ಲ್ಯಾಬ್‌ನ ಎವಲ್ಯೂಷನ್‌ಗೆ ಇಂಪೋರ್ಟ್ ಮಾಡಿದೆ, ಕನ್ನಡ ಒಂದು ಅಕ್ಷರವೂ ಕೆಡದೆ ಬಂತು. ನಾಳೆ ಥಂಡರ್‌ಬರ್ಡ್ ಬಿಟ್ಟರೂ ಮೇಲ್ ಬಿಟ್ಟುಹೋಗಲ್ಲ ಅಂತ ನಂಬಿಕೆ ಬಂದಿದ್ದು ಆಗಲೇ.

ಹಾಗಾಗಿ ಯೂನಿವರ್ಸಿಟಿ ಅಕೌಂಟ್ ಪೂರ್ತಿ ಥಂಡರ್‌ಬರ್ಡ್‌ನಲ್ಲಿದೆ. ಔಟ್‌ಲುಕ್ ಇರುವುದು ಕಾಲೇಜಿನ ಮೀಟಿಂಗ್‌ಗಳಿಗೆ.

ಶುರು ಮಾಡುವವರು ಗೂಗಲ್ ಅಕೌಂಟ್‌ನ ಆಲ್ ಮೇಲ್ ಫೋಲ್ಡರ್‌ನ ಸಿಂಕ್ ಆಫ್ ಮಾಡಿ, ಇಲ್ಲದಿದ್ದರೆ ಪ್ರತಿ ಮೇಲೂ ಎರಡೆರಡು ಸಲ ಡಿಸ್ಕ್ ತುಂಬುತ್ತದೆ. ಐಮ್ಯಾಪ್‌ನಲ್ಲಿ ದಿನಕ್ಕೆ 2,500 ಎಂಬಿ ಮಾತ್ರ ಇಳಿಸಲು ಗೂಗಲ್ ಬಿಡುತ್ತದೆ. ನನ್ನದು ಪೂರ್ತಿ ಇಳಿಯಲು ನಾಲ್ಕು ರಾತ್ರಿ ಬೇಕಾಯಿತು, ಮನೆಯ ವೈಫೈಗೆ ಹಾಕಿ ಚಾರ್ಜರ್ ಸಿಕ್ಕಿಸಿ ಸುಮ್ನೆ ಬಿಟ್ಟಿದ್ದೆ.