ಓನರ್ ಬಿಲ್ಡಿಂಗ್, ಅಪಾರ್ಟ್‌ಮೆಂಟ್, ಭೋಗ್ಯ: ಬೆಂಗಳೂರಿನಲ್ಲಿ ಟೂ ಬಿಎಚ್‌ಕೆ ಮಾಡುವುದಾದರೆ ಯಾವುದು?

ಬೆಂಗಳೂರಿನಲ್ಲಿ ಸಂಸಾರಕ್ಕೆ ಟೂ ಬಿಎಚ್‌ಕೆ ಬೇಕೆಂದರೆ ಇರುವುದು ಮುಖ್ಯವಾಗಿ ಮೂರು ದಾರಿ. 30×40 ಸೈಟಿನಲ್ಲಿ ಓನರ್ ಕಟ್ಟಿಸಿದ ಬಿಲ್ಡಿಂಗಿನ ಒಂದು ಫ್ಲೋರು, ಗೇಟು-ಸೆಕ್ಯುರಿಟಿ ಇರುವ ಅಪಾರ್ಟ್‌ಮೆಂಟಿನ ಫ್ಲ್ಯಾಟು, ಇಲ್ಲವೇ ಒಂದೇ ಗಂಟು ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಗಂಟು ವಾಪಸ್ ಪಡೆಯುವಂತೆ ಭೋಗ್ಯಕ್ಕೆ ಹಾಕಿಕೊಳ್ಳುವ ಮನೆ. ಮೂರರಲ್ಲೂ ಇದ್ದು ನೋಡಿದ ಮೇಲೆ ನನ್ನ ಓಟು ಓನರ್ ಬಿಲ್ಡಿಂಗಿಗೆ. ಅದರಲ್ಲೂ ಜಲಮಂಡಳಿಯ ಕಾವೇರಿ ನೀರಿನ ಕನೆಕ್ಷನ್ ಇರುವ ಹಳೇ ಬಡಾವಣೆಯಲ್ಲಿ, ಮಧ್ಯದ ಫ್ಲೋರಿಗೆ. ಮೂರು ಹೊತ್ತೂ ಮನೆಯಲ್ಲೇ ಅಡುಗೆ, ಓಡಾಟಕ್ಕೆ ಟೂ ವೀಲರ್ ಮತ್ತು ಮೆಟ್ರೋ, ಜಿಮ್ಮು-ಈಜುಕೊಳದ ಕಡೆ ತಲೆಯೂ ಹಾಕದವರು ಅನ್ನುವಂಥ ಮನೆಯವರಿಗೆ ಅಪಾರ್ಟ್‌ಮೆಂಟ್ ದುಬಾರಿ, ಭೋಗ್ಯ ಅಪಾಯ.

ಟು-ಲೆಟ್ ಬೋರ್ಡಿನ ಬಾಡಿಗೆ ನೋಡಿ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಅಡ್ವಾನ್ಸ್‌ಗೆ ಸಿಗಬೇಕಿದ್ದ ಬಡ್ಡಿಯನ್ನೂ ಬಾಡಿಗೆಗೆ ಸೇರಿಸಬೇಕು. ಉದಾಹರಣೆಗೆ ಓನರ್ ಬಿಲ್ಡಿಂಗಿನಲ್ಲಿ ಬಾಡಿಗೆ 22,000, ಅಡ್ವಾನ್ಸ್ ಎಂಟು ತಿಂಗಳದು ಅಂದುಕೊಳ್ಳಿ. 1,76,000ಕ್ಕೆ ವರ್ಷಕ್ಕೆ ಶೇ 7ರಂತೆ ತಿಂಗಳಿಗೆ ಸುಮಾರು 1,030 ರೂಪಾಯಿ. ನೀರಿಗೆ 400 ಸೇರಿಸಿದರೂ 23,500ರ ಒಳಗೇ ಮುಗಿಯಿತು. ಅದೇ ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆ 34,000, ಐದು ತಿಂಗಳ ಅಡ್ವಾನ್ಸ್ ಆದರೆ ಬಡ್ಡಿ ಸುಮಾರು 990. 1,200 ಚದರಡಿಗೆ ಅಡಿಗೆ 4 ರೂಪಾಯಿಯಂತೆ ಮೇಂಟೆನೆನ್ಸ್ 4,800. ಒಟ್ಟು 39,800 ಹತ್ತಿರ. ಮೇಂಟೆನೆನ್ಸ್ ತಿಂಗಳಿಗೆ 7,500 ದಾಟಿತೆಂದರೆ, ದೊಡ್ಡ ಅಸೋಸಿಯೇಷನ್‌ಗಳಲ್ಲಿ ಅದರ ಮೇಲೆ ಶೇ 18 ಜಿಎಸ್‌ಟಿ ಬೇರೆ.

ಜಾಗದಲ್ಲಾದರೂ ಅಪಾರ್ಟ್‌ಮೆಂಟ್ ಗೆಲ್ಲುತ್ತದೆಯೇ ಅಂದರೆ ಅದೂ ಇಲ್ಲ. ಅವರು ಹೇಳುವ 1,200 ಚದರಡಿಯಲ್ಲಿ ಲಿಫ್ಟು, ಮೆಟ್ಟಿಲು, ಕಾರಿಡಾರು, ಕ್ಲಬ್‌ಹೌಸ್ ಎಲ್ಲದರ ಪಾಲೂ ಸೇರಿರುತ್ತದೆ. ಕಾಲಿಡಲು ಸಿಗುವುದು 850ರ ಆಸುಪಾಸು. 30×40 ಸೈಟಿನ ಇಡೀ ಫ್ಲೋರಿಗೆ ಒಂದೇ ಮನೆ ಇದ್ದರೆ ಹೆಚ್ಚುಕಮ್ಮಿ ಅಷ್ಟೇ ಜಾಗ ಸಿಗುತ್ತದೆ. ಓನರ್ "ಎಂಟು ಚದರ" ಅಂದರೆ 800 ಚದರಡಿ ಎಂದು ತಿಳಿದುಕೊಳ್ಳಿ. ಒಂದೇ ಫ್ಲೋರಿನಲ್ಲಿ ಎರಡು ಮನೆ ಕಟ್ಟಿದ್ದರೆ ಮಾತ್ರ ಆ ಟೂ ಬಿಎಚ್‌ಕೆ ಹೆಸರಿಗಷ್ಟೇ. ಎರಡನೇ ರೂಮಿನಲ್ಲಿ ಮಂಚ ಹಾಕಿದರೆ ಬೀರು ತೆಗೆಯಲು ಜಾಗವಿರುವುದಿಲ್ಲ.

ಓನರ್ ಬಿಲ್ಡಿಂಗಿನ ಅಸಲಿ ತಲೆನೋವು ನೀರು. ಮನೆ ನೋಡಲು ಬಂದವರು ಕಿಟಕಿ, ವಾಸ್ತು, ಮಾಡ್ಯುಲರ್ ಕಿಚನ್ ನೋಡುತ್ತಾರೆ, ನಲ್ಲಿ ತಿರುಗಿಸಿ ನೀರು ಬಂತೆಂದರೆ ತೃಪ್ತರಾಗಿ ಹೊರಡುತ್ತಾರೆ. ಆದರೆ ಆ ನೀರು ಯಾವುದು? ಒಂದೇ ಬಿಲ್ಡಿಂಗಿಗೆ ಕಾವೇರಿ, ಬೋರು, ಟ್ಯಾಂಕರ್ ಮೂರೂ ಬರುವುದುಂಟು. ಮೂರೂ ಒಂದೇ ಸಂಪಿಗೆ ಬಿದ್ದರೆ ಕಾವೇರಿ ಕನೆಕ್ಷನ್ ಇದ್ದೂ ಪ್ರಯೋಜನವಿಲ್ಲ. ಚೆನ್ನಾಗಿ ಕಟ್ಟಿದ ಮನೆಯಲ್ಲಿ ಕಾವೇರಿಗೆ ಬೇರೆ ಸಂಪು, ಬೇರೆ ಓವರ್‌ಹೆಡ್ ಟ್ಯಾಂಕು, ಅದರಿಂದ ಅಡುಗೆಮನೆಗೆ ಬೇರೆ ಪೈಪು ಇರುತ್ತದೆ. ಅಡುಗೆಮನೆ ಸಿಂಕಿನಲ್ಲಿ ಎರಡು ನಲ್ಲಿ ಕಂಡರೆ ಅರ್ಧ ಗೆದ್ದಂತೆ.

ಬೋರ್ ನೀರಿನ ಗುಣ ತಿಳಿಯಲು ಓನರ್ ಮಾತು ಬೇಕಿಲ್ಲ, ಬಚ್ಚಲುಮನೆಯೇ ಹೇಳುತ್ತದೆ. ಶವರಿನ ತೂತುಗಳು ಬೆಳ್ಳಗೆ ಕಟ್ಟಿಕೊಂಡಿವೆಯೇ, ನಲ್ಲಿಯ ಬುಡದಲ್ಲಿ ಸುಣ್ಣದಂಥ ಪೊರೆ ಇದೆಯೇ, ಟೈಲ್ಸಿನ ಮೇಲೆ ಉಜ್ಜಿದರೂ ಹೋಗದ ಮಬ್ಬು ಗೆರೆ ಇದೆಯೇ ನೋಡಿ. ಇದ್ದರೆ ನೀರು ಗಡಸು. ಗೀಸರ್ ಕಾಯಿಲ್ ಮೇಲೆ ಇದೇ ಪೊರೆ ದಪ್ಪಗೆ ಕೂತು, ನೀರು ಕಾಯಲು ಹೊತ್ತು ಹಿಡಿದು, ಕೊನೆಗೆ ಕಾಯಿಲ್ಲೇ ಸುಟ್ಟುಹೋಗುತ್ತದೆ. ಆ ಖರ್ಚು ಸಾಮಾನ್ಯವಾಗಿ ಬಾಡಿಗೆಯವರ ತಲೆಗೆ ಬರುತ್ತದೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಜೇಬಿನಲ್ಲಿಟ್ಟುಕೊಂಡು ಹೋಗಿ. ಕುಡಿಯುವ ನೀರಿಗೆ ಭಾರತೀಯ ಮಾನಕದ ಅಪೇಕ್ಷಿತ ಮಿತಿ ಲೀಟರಿಗೆ 500 ಮಿಲಿಗ್ರಾಂ. ಬೇರೆ ಮೂಲವೇ ಇಲ್ಲದಿದ್ದಾಗ ಮಾತ್ರ 2,000ದವರೆಗೆ ಸೈ. ಮೀಟರ್ 1,000 ದಾಟಿ ತೋರಿಸಿದರೆ ಬಾಡಿಗೆಯಲ್ಲಿ ಸಾವಿರ ಇಳಿಸಿದರೂ ಆ ಮನೆ ಬೇಡ.

ಮುಂದಿನ ಪ್ರಶ್ನೆ, ಮೋಟರ್ ಸ್ವಿಚ್ ಎಲ್ಲಿದೆ? ಎಷ್ಟೋ ಬಿಲ್ಡಿಂಗುಗಳಲ್ಲಿ ಅದು ಓನರ್ ಮನೆಯೊಳಗಿರುತ್ತದೆ. ಅವರು ಮಗಳ ಮನೆಗೋ ತಿರುಪತಿಗೋ ಹೊರಟರೆ ಮೇಲಿನವರಿಗೆ ನೀರಿಲ್ಲ. ಮೆಟ್ಟಿಲ ಕೆಳಗೆ ಎಲ್ಲರ ಕೈಗೆ ಸಿಗುವಂತೆ ಇದ್ದರೆ ಒಳ್ಳೆಯದು. ಟ್ಯಾಂಕು ತುಂಬಿದ ಕೂಡಲೇ ತಾನೇ ನಿಲ್ಲುವ ಆಟೋಮ್ಯಾಟಿಕ್ ಇದ್ದರೆ ಇನ್ನೂ ಒಳ್ಳೆಯದು. ಓವರ್‌ಹೆಡ್ ಟ್ಯಾಂಕು ಮನೆಗೊಂದೋ ಎಲ್ಲರಿಗೂ ಒಂದೋ ಅಂತಲೂ ಕೇಳಿ. ಒಂದೇ ಆದರೆ ಬೆಳಗ್ಗೆ ಬೇಗ ಎದ್ದವರಿಗೆ ಮಾತ್ರ ಸ್ನಾನ.

ಟಾಪ್ ಫ್ಲೋರ್ ಬೇಡ ಅನ್ನುವುದಕ್ಕೆ ಬೇಸಿಗೆಯ ಕಾವೊಂದೇ ಕಾರಣವಲ್ಲ. ಹತ್ತು ಮೀಟರ್ ಎತ್ತರದಿಂದ ಇಳಿಯುವ ನೀರಿಗೆ ಒಂದು ಬಾರ್ ಒತ್ತಡ. ಟ್ಯಾಂಕಿನ ತಳ ಶವರಿಗಿಂತ ಎರಡು ಮೀಟರ್ ಮೇಲಿದ್ದರೆ ಸಿಗುವುದು 0.2 ಬಾರ್. ಶವರ್ ತೊಟ್ಟಿಕ್ಕುತ್ತದೆ, ಆಟೋಮ್ಯಾಟಿಕ್ ವಾಷಿಂಗ್ ಮಷೀನ್ ನೀರು ತುಂಬದೆ ಅರ್ಧಕ್ಕೇ ನಿಂತು ಎರರ್ ತೋರಿಸುತ್ತದೆ. ಗ್ರೌಂಡ್ ಫ್ಲೋರಿನಲ್ಲಿ ಒತ್ತಡ ಚೆನ್ನಾಗಿದ್ದರೂ ಜೋರು ಮಳೆಗೆ ಒಳಚರಂಡಿಯ ಚೇಂಬರ್ ಉಕ್ಕಿದರೆ ಮೊದಲು ನುಗ್ಗುವುದು ಅಲ್ಲಿನ ಬಚ್ಚಲಿಗೇ. ಹಾಗಾಗಿಯೇ ಮಧ್ಯದ ಫ್ಲೋರು.

ಕಾವೇರಿಯ ಮೇಲೆ ಇಷ್ಟು ಒತ್ತು ಕೊಡುವುದು ದುಡ್ಡಿನ ಕಾರಣಕ್ಕೂ ಹೌದು. ತಲೆಗೆ ದಿನಕ್ಕೆ 135 ಲೀಟರ್ ಹಿಡಿದರೆ ನಾಲ್ವರ ಮನೆಗೆ ತಿಂಗಳಿಗೆ 16,200 ಲೀಟರ್ ಬೇಕು. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಜಿಲ್ಲಾಡಳಿತ 5 ಕಿಲೋಮೀಟರ್ ಒಳಗಿನ 6,000 ಲೀಟರ್ ಟ್ಯಾಂಕರಿಗೆ 600 ರೂಪಾಯಿ ನಿಗದಿ ಮಾಡಿತ್ತು. ಆ ನಿಗದಿ ದರದಲ್ಲೇ ತಿಂಗಳಿಗೆ 1,600 ದಾಟುತ್ತದೆ. ಜಲಮಂಡಳಿ ನೀರಾದರೆ ಕೆಲವೇ ನೂರು. ವಿಜಯನಗರ, ರಾಜಾಜಿನಗರ, ಬಸವೇಶ್ವರನಗರ, ಹನುಮಂತನಗರ, ಗಿರಿನಗರದಂಥ ಕಡೆ ಕಾವೇರಿ ಪೈಪು ಹಳೆಯದು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳ ಕಥೆ ಬೇರೆ. ಅವುಗಳಿಗೆಂದು 775 ಎಂಎಲ್‌ಡಿಯ (ದಿನಕ್ಕೆ 77.5 ಕೋಟಿ ಲೀಟರ್) ಕಾವೇರಿ ಐದನೇ ಹಂತ ಚಾಲೂ ಆಗಿದ್ದೇ 2024ರ ಅಕ್ಟೋಬರ್‌ನಲ್ಲಿ. ಅಲ್ಲಿ ಮನೆ ನೋಡುವವರು ರಸ್ತೆಗೆ ಪೈಪು ಬಂದಿದೆ ಅನ್ನುವ ಮಾತಿಗೆ ಸಮಾಧಾನಪಡದೆ ಆ ಬಿಲ್ಡಿಂಗಿನದೇ ಜಲಮಂಡಳಿ ಬಿಲ್ ತೋರಿಸಲು ಕೇಳಬೇಕು. ಬಿಲ್ ಇಲ್ಲವೆಂದರೆ ಕನೆಕ್ಷನ್ ಇಲ್ಲ. ಯಾವ ವಾರ ಬರುತ್ತದೆ, ಎಷ್ಟು ಹೊತ್ತು ಬಿಡುತ್ತಾರೆ ಅಂತ ಪಕ್ಕದ ಮನೆಯವರನ್ನು ಕೇಳಿ. ಓನರ್‌ಗಿಂತ ಅವರ ಮಾತು ನಂಬಬಹುದು.

ಕರೆಂಟಿಗೆ ಒಂದೇ ಮಾತು: ಮನೆಗೆ ಪ್ರತ್ಯೇಕ ಆರ್‌ಆರ್ ನಂಬರ್, ಅಂದರೆ ಬೆಸ್ಕಾಂ ಕೊಡುವ ಸಂಪರ್ಕದ ನಂಬರ್ ಇರಬೇಕು. ಸಬ್ ಮೀಟರ್ ಇಟ್ಟು ಓನರ್ ಯೂನಿಟ್ಟಿಗೆ ಇಷ್ಟು ಅಂತ ವಸೂಲಿ ಮಾಡುವ ಮನೆಗೆ ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಸಿಗದು. ಹಳೆಯ ಬಾಡಿಗೆಯವರ ಆಧಾರ್ ಆ ನಂಬರಿಗೆ ಅಂಟಿಕೊಂಡಿದ್ದರೆ ಸೇವಾ ಸಿಂಧುವಿನಲ್ಲಿ ಡಿ-ಲಿಂಕ್ ಮಾಡಿಸಿಯೇ ಹೊಸದಾಗಿ ಅರ್ಜಿ ಹಾಕಬೇಕು. ಅವರ ಬಾಕಿ ಬಿಲ್ ಉಳಿದಿಲ್ಲವೇ ಅಂತ ಬೆಸ್ಕಾಂ ಆ್ಯಪಿನಲ್ಲಿ ನೋಡಿಕೊಂಡೇ ಅಡ್ವಾನ್ಸ್ ಕೊಡಿ.

ಅಪಾರ್ಟ್‌ಮೆಂಟ್ ಪರವಾಗಿ ಹೇಳಬೇಕಾದ್ದೂ ಇದೆ. ಲಿಫ್ಟು, ಪವರ್ ಬ್ಯಾಕಪ್, ಕಾರಿಗೆ ಜಾಗ, ಮಕ್ಕಳು ಗಾಡಿ ಭಯವಿಲ್ಲದೆ ಆಡುವ ಅಂಗಳ. ಮಂಡಿನೋವಿನ ಅಪ್ಪ-ಅಮ್ಮ ಜೊತೆಗಿದ್ದರೆ, ಗಂಡ-ಹೆಂಡತಿ ಇಬ್ಬರೂ ಬೆಳ್ಳಂದೂರು ಕಡೆ ರಾತ್ರಿ ಶಿಫ್ಟ್ ಮಾಡುತ್ತಿದ್ದರೆ ನಾನೂ ಅದನ್ನೇ ಹೇಳುತ್ತೇನೆ. ಸಾಮಾನು ಇಳಿಸುವ ದಿನ ಅಸೋಸಿಯೇಷನ್ ಕೇಳುವ ಮೂವ್-ಇನ್ ಚಾರ್ಜ್, ಜನರೇಟರ್ ಕರೆಂಟಿನ ಬೇರೆ ದರ, ನೀರಿಗೆ ಮೀಟರ್ ಇದೆಯೋ ಚದರಡಿ ಲೆಕ್ಕವೋ ಇವಿಷ್ಟನ್ನು ಮೊದಲೇ ಕೇಳಿ. ಚದರಡಿ ಲೆಕ್ಕವಾದರೆ ಇಬ್ಬರೇ ಇರುವ ಮನೆಯವರು ಆರು ಜನರ ಮನೆಯ ನೀರಿಗೂ ದುಡ್ಡು ಕಟ್ಟುತ್ತಾರೆ. ಬಾಡಿಗೆ ತಿಂಗಳಿಗೆ 50,000 ದಾಟಿದರೆ ಶೇ 2 ಟಿಡಿಎಸ್ (ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ) ಹಿಡಿದು ಕಟ್ಟುವ ಹೊಣೆ ಬಾಡಿಗೆಯವರದು.

ಬಾಡಿಗೆ ಏರುವ ರೀತಿಯಲ್ಲೂ ವ್ಯತ್ಯಾಸವಿದೆ. ಕೋವಿಡ್ ಹೊತ್ತಿನಲ್ಲಿ ಕ್ರಾಸಿಗೆರಡು ಟು-ಲೆಟ್ ಬೋರ್ಡು ನೇತಾಡುತ್ತಿದ್ದ ಊರಿನಲ್ಲಿ, 2022ರಿಂದ ಕಂಪನಿಗಳು ಜನರನ್ನು ವಾಪಸ್ ಕರೆದ ಮೇಲೆ ಬಾಡಿಗೆ ಜಿಗಿಯಿತು. ಔಟರ್ ರಿಂಗ್ ರೋಡು, ವೈಟ್‌ಫೀಲ್ಡ್ ಕಡೆಯಂತೂ ವಿಪರೀತ. ವೈಟ್‌ಫೀಲ್ಡ್‌ವರೆಗಿನ ನೇರಳೆ ಮಾರ್ಗ 2023ರ ಅಕ್ಟೋಬರ್‌ನಲ್ಲಿ ಪೂರ್ತಿಯಾಯಿತು, ಆರ್.ವಿ. ರೋಡಿನಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾಯಿತು. ಈಗ ಹೊಂಗಸಂದ್ರ, ಸಿಂಗಸಂದ್ರದ ಓನರ್‌ಗಳೂ ಬಾಡಿಗೆ ಹೇಳುವ ಮುಂಚೆ ಸ್ಟೇಷನ್ ಎಷ್ಟು ಹತ್ತಿರ ಅಂತ ಹೇಳುತ್ತಾರೆ. ಅಗ್ರಿಮೆಂಟಿನಲ್ಲಿ 11 ತಿಂಗಳಿಗೊಮ್ಮೆ ಶೇ 5 ಅಂತ ಬರೆದಿರುತ್ತದೆ. ದೊಡ್ಡ ಏರಿಕೆ ಆಗುವುದು ಬಾಡಿಗೆಯವರು ಬದಲಾದಾಗ. ಫ್ಲ್ಯಾಟಿನ ಓನರ್ ಇಎಂಐ ಕಟ್ಟುತ್ತಿರುತ್ತಾರೆ, 11 ತಿಂಗಳಾಗುತ್ತಿದ್ದಂತೆ ಪಕ್ಕದ ಬ್ಲಾಕಿನ ಹೊಸ ಬಾಡಿಗೆ ನೋಡಿ ಅಷ್ಟೇ ಕೇಳುತ್ತಾರೆ. ಕೆಳಗಡೆಯೇ ಇರುವ ಓನರ್‌ಗೆ ಐದನೇ ತಾರೀಖಿನೊಳಗೆ ಬಾಡಿಗೆ, ಗಲಾಟೆ ಇಲ್ಲದ ಸಂಸಾರ ಇಷ್ಟಿದ್ದರೆ ಸಾಕು. ಬಿಟ್ಟು ಹೋದರೆ ಮತ್ತೆ ಎಂಥವರು ಬರುತ್ತಾರೋ ಅನ್ನುವ ಅಳುಕು ಅವರಿಗೂ ಇರುತ್ತದೆ. ನಾಲ್ಕೈದು ವರ್ಷ ಒಂದೇ ಮನೆಯಲ್ಲಿ ಇರುವವರಿಗೆ ಇದರಿಂದಾಗುವ ಉಳಿತಾಯ ದೊಡ್ಡದು. ಇದಕ್ಕೆ ಪ್ರತಿಯಾಗಿ ರಾತ್ರಿ ಗೇಟಿಗೆ ಬೀಗ, ನಾನ್‌ವೆಜ್ ಬೇಡ, ನೆಂಟರು ಎಷ್ಟು ದಿನ ಇರುತ್ತಾರೆ ಅನ್ನುವ ವಿಚಾರಣೆ ಇವೆಲ್ಲ ಇರುತ್ತವೆ. ಬ್ಯಾಚುಲರ್‌ಗಳಿಗೆ ಇದು ಒಗ್ಗುವುದಿಲ್ಲ.

ಭೋಗ್ಯ ಲೆಕ್ಕದಲ್ಲಿ ಎಲ್ಲಕ್ಕಿಂತ ಅಗ್ಗ. 16 ಲಕ್ಷ ಕೊಟ್ಟರೆ ಕಳೆದುಕೊಳ್ಳುವ ಬಡ್ಡಿ ತಿಂಗಳಿಗೆ ಸುಮಾರು 9,300, ಅಷ್ಟಕ್ಕೆ ಟೂ ಬಿಎಚ್‌ಕೆ. ಆದರೂ ನಾನು ಬೇಡ ಅನ್ನುತ್ತೇನೆ. ಮನೆ ಭೋಗ್ಯಕ್ಕೆ ಕೊಡುವ ಓನರ್‌ಗೆ ಬಹುಪಾಲು ಸಾಲ ತೀರಿಸುವ ಅವಸರವಿರುತ್ತದೆ. ಅವಧಿ ಮುಗಿದಾಗ ಕೈಯಲ್ಲಿ ದುಡ್ಡಿರುವುದಿಲ್ಲ, ಮುಂದಿನವರು ಭೋಗ್ಯಕ್ಕೆ ಬಂದು ಕೊಟ್ಟ ಮೇಲೆಯೇ ನಿಮ್ಮದು ವಾಪಸ್. ಮನೆ ಬ್ಯಾಂಕಿಗೆ ಅಡವಿದ್ದು ಕಂತು ನಿಂತರೆ ಬ್ಯಾಂಕಿನವರು ನೋಟಿಸ್ ಅಂಟಿಸುವುದು ನೀವಿರುವ ಬಾಗಿಲಿಗೇ. ಇನ್ನೊಂದು ಮೋಸ ಈ ಊರಿನಲ್ಲಿ ಪದೇ ಪದೇ ನಡೆದಿದೆ: ಮಧ್ಯವರ್ತಿಗಳು ನಿಮ್ಮಿಂದ ಭೋಗ್ಯದ ಗಂಟು ಪಡೆದು, ಓನರ್‌ಗೆ ತಿಂಗಳ ಬಾಡಿಗೆ ಕಟ್ಟುತ್ತಾ ಇದ್ದು, ಒಂದು ದಿನ ಕಾಣೆಯಾಗುತ್ತಾರೆ. ಓನರ್ ಬಂದು ಬಾಡಿಗೆ ಕೇಳಿದಾಗಲೇ ವಿಷಯ ಗೊತ್ತಾಗುವುದು. ಹಾಕಿಕೊಳ್ಳಲೇಬೇಕು ಅನ್ನುವವರು ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಇಸಿ (ಋಣಭಾರ ಪತ್ರ) ತೆಗೆಸಿ, ಖಾತಾ ಮತ್ತು ಕಂದಾಯದ ರಸೀದಿಯಲ್ಲಿರುವ ಹೆಸರಿನವರ ಖಾತೆಗೇ ಬ್ಯಾಂಕ್ ಮೂಲಕ ಹಣ ಹಾಕಿ. ಒಂದು ವರ್ಷ ಮೀರಿದ ಕರಾರಿಗೆ 1908ರ ನೋಂದಣಿ ಕಾಯ್ದೆ ಪ್ರಕಾರ ನೋಂದಣಿ ಕಡ್ಡಾಯ, ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿಯೇ ಮಾಡಿಸಿ. ಬಾಡಿಗೆ ಕಟ್ಟದ ಕಾರಣ ಸಂಬಳದಲ್ಲಿನ ಮನೆ ಬಾಡಿಗೆ ಭತ್ಯೆಗೆ (ಎಚ್‌ಆರ್‌ಎ) ತೆರಿಗೆ ವಿನಾಯಿತಿಯೂ ಇಲ್ಲ.

ಅಡ್ವಾನ್ಸ್ ವಿಷಯದಲ್ಲಿ ಚೌಕಾಸಿಗೆ ಜಾಗವಿದೆ. ಹತ್ತು ತಿಂಗಳ ಹಳೇ ರೂಢಿ ಸಡಿಲಗೊಂಡಿದೆ, ಐದಾರು ತಿಂಗಳಿಗೆ ಒಪ್ಪುವವರು ಸಿಗುತ್ತಾರೆ. ಎರಡು ತಿಂಗಳ ಮಿತಿ ಹಾಕಿದ 2021ರ ಕೇಂದ್ರದ ಕಾಯ್ದೆ ಬರೀ ಮಾದರಿ, ಅದನ್ನು ತೋರಿಸಿ ವಾದಿಸಿ ಪ್ರಯೋಜನವಿಲ್ಲ. ಕೇಳಬೇಕಾದ್ದು ಪೇಂಟಿಂಗ್ ಬಗ್ಗೆ. ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಇಲ್ಲಿನ ವಾಡಿಕೆ. ಎರಡು ವರ್ಷ ಮೀರಿ ಇದ್ದವರಿಗೆ ಅರ್ಧ ಮಾತ್ರ, ಅಥವಾ ಪೇಂಟರ್ ಬಿಲ್ ತೋರಿಸಿದಷ್ಟೇ ಅಂತ ಅಗ್ರಿಮೆಂಟಿನಲ್ಲೇ ಬರೆಸಿ. ಬೀಗದಕೈ ಕೊಟ್ಟ ದಿನವೇ ಉಳಿದ ಹಣ ಅನ್ನುವ ಸಾಲೂ ಇರಲಿ.

ಇನ್ನು ಮನೆ ಹುಡುಕುವ ಕಾಲ. ಏಪ್ರಿಲ್‌ನಿಂದ ಜೂನ್‌ವರೆಗೆ ಸ್ಕೂಲು ಶುರುವಾಗುವ ಮುಂಚೆ ಮನೆ ಬದಲಿಸುವವರ ನೂಕುನುಗ್ಗಲು, ಓನರ್ ನೂರು ರೂಪಾಯಿಯೂ ಇಳಿಸುವುದಿಲ್ಲ. ಆಷಾಢದಲ್ಲಿ ಹಾಲು ಉಕ್ಕಿಸಲು ನಮ್ಮವರು ಮುಂದೆ ಬರುವುದಿಲ್ಲ, ಧನುರ್ಮಾಸದಲ್ಲೂ ಅಷ್ಟೇ. ಆ ಹೊತ್ತಿಗೆ ಖಾಲಿ ಬಿದ್ದ ಹಳೇ ಬಡಾವಣೆಯ ಮನೆಗಳ ಓನರ್‌ಗಳು ಬಾಡಿಗೆ, ಅಡ್ವಾನ್ಸ್ ಎರಡರಲ್ಲೂ ಬಗ್ಗುತ್ತಾರೆ. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ ಕೊಡುವ ಬದಲು ಆಗ ಬೇಕಾದ ಕ್ರಾಸುಗಳಲ್ಲಿ ಸಂಜೆ ನಡೆದು ಬೋರ್ಡಿನ ನಂಬರಿಗೆ ಫೋನ್ ಮಾಡಿ. ಮಾತು ಆಷಾಢದಲ್ಲೇ ಮುಗಿಸಿ, ಟೋಕನ್ ಕೊಟ್ಟು, ಶ್ರಾವಣದ ಮೊದಲ ವಾರಕ್ಕೆ ಬಾಡಿಗೆ ಶುರು ಅಂತ ಬರೆಸಿಕೊಂಡರೆ ಮನೆಯ ಹಿರಿಯರೂ ಬೇಡ ಅನ್ನುವುದಿಲ್ಲ.