ಗ್ಯಾಲಕ್ಸಿಯ ಬೆಳಕು: ಪೆಟ್ರೋಸಿಯನ್ ಅಳತೆಯೋ, ಮಾದರಿ ಅಳತೆಯೋ?

ಆಕಾಶದ ದೊಡ್ಡ ಭಾಗವನ್ನು ಚಿತ್ರಿಸಿದ ಸ್ಲೋನ್ ಸಮೀಕ್ಷೆಯ ದತ್ತಾಂಶ ತೆರೆದವರಿಗೆ ಮೊದಲು ಎದುರಾಗುವ ಗೊಂದಲ, ಒಂದೇ ಗ್ಯಾಲಕ್ಸಿಗೆ ಇಷ್ಟೊಂದು ಕಾಂತಿಮಾನಗಳೇಕೆ (ಅಂದರೆ ಹೊಳಪಿನ ಅಳತೆಗಳೇಕೆ) ಎಂಬುದು. ಗ್ಯಾಲಕ್ಸಿಗೆ ಅಂಚಿಲ್ಲ, ಅದರ ಬೆಳಕು ಹೊರಹೊರಗೆ ಹೋದಂತೆ ಆಕಾಶದ ಮಂಕಿನಲ್ಲಿ ಕರಗುತ್ತದೆ. ಗೆರೆ ಎಲ್ಲಿ ಎಳೆಯಬೇಕು ಎಂಬುದೇ ತಕರಾರು.

ಖಗೋಳವಿಜ್ಞಾನಿ ಪೆಟ್ರೋಸಿಯನ್ ಹೆಸರಿನ ವಿಧಾನ ಆ ಗೆರೆಯನ್ನು ಗ್ಯಾಲಕ್ಸಿಯಿಂದಲೇ ಎಳೆಸುತ್ತದೆ. ಒಂದು ತ್ರಿಜ್ಯದ ಬಳಿಯ ಹೊಳಪು, ಅದರ ಒಳಗಿನ ಸರಾಸರಿ ಹೊಳಪಿನ ಐದನೇ ಒಂದಕ್ಕೆ ಇಳಿದ ಜಾಗವನ್ನು ಹಿಡಿದು, ಅದರ ಎರಡರಷ್ಟು ತ್ರಿಜ್ಯದ ವೃತ್ತದಲ್ಲಿರುವ ಬೆಳಕನ್ನೆಲ್ಲ ಕೂಡುತ್ತಾರೆ. ಇದು ಅನುಪಾತದ ಆಟವಾದ್ದರಿಂದ, ದೂರದಿಂದಾಗಿ ಹೊಳಪು ಮಂಕಾದರೂ ಗೆರೆ ಕದಲದು. ತಟ್ಟೆಯಂಥ ಸುರುಳಿ ಗ್ಯಾಲಕ್ಸಿಯ ಬೆಳಕು ಹೆಚ್ಚುಕಡಿಮೆ ಪೂರ್ತಿ ಸಿಗುತ್ತದೆ. ಆದರೆ ಕೇಂದ್ರದಿಂದ ಹೊರಗೆ ಹೊಳಪು ಹೇಗೆ ಇಳಿಯುತ್ತದೆಂದು ಹೇಳುವ 1948ರ ಡಿ ವೋಕುಲರ್ ಸೂತ್ರಕ್ಕೆ ಹೊಂದುವ ದೀರ್ಘವೃತ್ತೀಯ ಗ್ಯಾಲಕ್ಸಿಗಳಲ್ಲಿ ಸುಮಾರು ಶೇ. 20ರಷ್ಟು ಬೆಳಕು ಹೊರಗೇ ಉಳಿಯುತ್ತದೆ. ಸಣ್ಣ ನಷ್ಟವಲ್ಲ!

ಮಾದರಿ ವಿಧಾನ ಇಂಥ ಸೂತ್ರವೊಂದನ್ನು ಚಿತ್ರಕ್ಕೆ ಹೊಂದಿಸಿ, ಹೊರಗಿನ ಕಾಣದಷ್ಟು ಮಂಕಾದ ಬೆಳಕನ್ನೂ ಲೆಕ್ಕಕ್ಕೆ ಸೇರಿಸುತ್ತದೆ. ಮಸುಕು ಗ್ಯಾಲಕ್ಸಿಗಳಿಗೆ ನಾನು ಇದನ್ನೇ ಆರಿಸುತ್ತೇನೆ. ಬಣ್ಣ ಅಳೆಯುವುದಕ್ಕಂತೂ ಇದೇ ಸರಿ, ಏಕೆಂದರೆ ಎಲ್ಲ ಫಿಲ್ಟರ್‌ಗಳಿಗೂ ಒಂದೇ ಆಕಾರ ಬಳಸುತ್ತಾರೆ. ಡಿಕ್ಕಿಯಾಗಿ ಚೆದುರಿದ ಗ್ಯಾಲಕ್ಸಿಗೆ ಮಾತ್ರ ಯಾವ ಸೂತ್ರವೂ ಒಗ್ಗದು. ಅಲ್ಲಿ ಪೆಟ್ರೋಸಿಯನ್ ವಾಸಿ.

ಕನ್ಯಾ ರಾಶಿಯ ಎಂ87ರಂಥ ದೈತ್ಯಗಳಿಗೆ ಎರಡನ್ನೂ ಕಣ್ಣುಮುಚ್ಚಿ ನಂಬಬೇಡಿ. ಅವುಗಳ ಹೊರಗಿನ ಬೆಳಕನ್ನೇ ಆಕಾಶದ ಹಿನ್ನೆಲೆಯೆಂದು ತಂತ್ರಾಂಶ ಕಳೆದುಬಿಡುವುದುಂಟು.