ಪೆಟ್ರೋಲ್ ಬೋಟಿನ ಹೊಟ್ಟೆಗೆ ಗಾಳಿ: ಮೂರು ಥರ ಮಾಡಿ ನೋಡಿದ್ದು

ಕಾರವಾರದ ನನ್ನ ಭಾವ, ನಾನು ಸೇರಿ ಹಳೇ ಬೋಟೊಂದನ್ನು ಕೊಂಡೆವು. 21 ಅಡಿಯದು, ಪಣಜಿಯ ಎದುರಿಗೆ ಬೇತಿಂ ಕಡೆ ಮಾಂಡೋವಿಯಲ್ಲಿ ಕಟ್ಟುತ್ತೇವೆ. ಇಲ್ಲಿನ ಸಣ್ಣ ಬೋಟುಗಳಲ್ಲಿ ಜಾಸ್ತಿ ಔಟ್‌ಬೋರ್ಡ್, ಇಂಜಿನ್ ಹೊರಗೇ ನೇತಾಡುತ್ತದೆ. ನಮ್ಮದು ಹಾಗಲ್ಲ. ಪೆಟ್ರೋಲ್ ಇಂಜಿನ್, ಅದೂ ಡೆಕ್ಕಿನ ಕೆಳಗೆ ಮುಚ್ಚಿದ ಪೆಟ್ಟಿಗೆಯಲ್ಲಿ.

ಒಂದು ಮೇ ತಿಂಗಳ ಬೆಳಿಗ್ಗೆ ಮುಚ್ಚಳ ಎತ್ತಿದರೆ ಪೆಟ್ರೋಲ್ ಬಂಕಿನ ವಾಸನೆ. ರಬ್ಬರ್ ಪೈಪಿನ ಒಂದು ಕ್ಲಿಪ್ಪು ಸಡಿಲವಾಗಿತ್ತು, ಅಷ್ಟೇ. ಭಾವ ಆಗಲೇ ಕೀಲಿಗೆ ಕೈ ಹಾಕಿದ್ದರು. "ತಡೀರಿ ಭಾವ, ಏನೂ ಮುಟ್ಬೇಡಿ" ಅಂದೆ. ಸ್ವಿಚ್ ಹಾಕಲಿಲ್ಲ, ಬ್ಯಾಟರಿಯ ವೈರನ್ನೂ ಕೀಳಲಿಲ್ಲ. ಕಿತ್ತರೆ ಅಲ್ಲೂ ಕಿಡಿ ಹಾರುತ್ತದೆ. ಎಲ್ಲ ಮುಚ್ಚಳ ತೆಗೆದಿಟ್ಟು ದಡದಲ್ಲಿ ಕೂತೆವು.

ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೆ ಏಳುವುದಿಲ್ಲ, ನೀರಿನ ಹಾಗೆ ತಳಕ್ಕೆ ಇಳಿದು ಬಿಲ್ಜಿನಲ್ಲಿ, ಅಂದರೆ ಬೋಟಿನ ತೀರಾ ತಳದ ಗುಂಡಿಯಲ್ಲಿ, ನಿಲ್ಲುತ್ತದೆ. ಗಾಳಿಯಲ್ಲಿ ಶೇಕಡಾ 1.4ರಷ್ಟು ಸೇರಿದರೆ ಸಾಕು, ಕಿಡಿ ತಾಗಿದಾಗ ಹೊತ್ತಿಕೊಳ್ಳುತ್ತದೆ. ನಮ್ಮ ಪೆಟ್ಟಿಗೆಯನ್ನು ಟೇಪು ಹಿಡಿದು ಅಳೆದು ಲೆಕ್ಕ ಹಾಕಿದೆ. ಒಂದು ಟೀ ಲೋಟದಷ್ಟು ಪೆಟ್ರೋಲ್ ಆರಿದರೆ ಪೂರ್ತಿ ಪೆಟ್ಟಿಗೆಗೆ ಆ ಪ್ರಮಾಣ ಬರುತ್ತದೆ. ಆವಿ ತಳದಲ್ಲೇ ಕೂರುವುದರಿಂದ ಅಷ್ಟೂ ಬೇಕಿಲ್ಲ.

ಈ ಆವಿ ಹೊರಹಾಕಲು ಮೊದಲಿಗೆ ಬೋಟಿನ ಜೊತೆ ಬಂದ ಕೊಳವೆಗಳನ್ನೇ ನಂಬಿದ್ದೆವು. ಡೆಕ್ ಮೇಲೆ ಬಾಗಿದ ಬಾಯಿಯ ಎರಡು ಕೊಳವೆ. ಒಂದರ ಮುಖ ಮುಂದಕ್ಕೆ, ಗಾಳಿ ಒಳಗೆ ಬರಲಿಕ್ಕೆ. ಇನ್ನೊಂದರ ಮುಖ ಹಿಂದಕ್ಕೆ, ಹೊರಗೆ ಹೋಗಲಿಕ್ಕೆ. ಕರೆಂಟು ಬೇಡ, ಕೆಡುವುದೂ ಇಲ್ಲ. ಬೋಟು ಓಡುವಾಗ ಹಿಂದಿನ ಬಾಯಿಗೆ ಟಿಶ್ಯೂ ಪೇಪರ್ ಹಿಡಿದರೆ ಪಟಪಟ ಹಾರುತ್ತದೆ. ಕಟ್ಟಿದಲ್ಲಿ, ಬೆಳಿಗ್ಗೆ ಕಡಲಗಾಳಿ ಏಳುವ ಮೊದಲು ಹಿಡಿದು ನೋಡಿ, ಅಲ್ಲಾಡುವುದೇ ಇಲ್ಲ. ನಮಗೆ ಗಾಳಿ ಬೇಕಾಗಿದ್ದು ಆ ಹೊತ್ತಿಗೇ ಅಲ್ವಾ? (ಊದುಬತ್ತಿ ಹಚ್ಚಿ ಹೊಗೆ ಎತ್ತ ಹೋಗುತ್ತೆ ನೋಡಿ ಅಂತ ಒಬ್ಬರು ಸಲಹೆ ಕೊಟ್ಟರು. ಬೇಡ ಮಾರಾಯ್ರೆ!)

ಆಮೇಲೆ ಬಿಲ್ಜಿನ ಗಾಳಿಯನ್ನು ಹೊರಗೆ ಒಯ್ಯುವ ಪೈಪಿನ ನಡುವೆಯೇ ಕೂರುವ ಉದ್ದ ಬ್ಲೋವರ್ (ಗಾಳಿ ಎಳೆಯುವ ಫ್ಯಾನು) ಹಾಕಿದೆವು. ಅಗ್ಗ, ಜಾಗ ತಿನ್ನುವುದಿಲ್ಲ, ಅರ್ಧ ಗಂಟೆಯ ಕೆಲಸ. ಪೈಪು ನೇರ ಇದ್ದರೆ ಚೆನ್ನಾಗಿಯೇ ಎಳೆಯುತ್ತದೆ. ನಮ್ಮ ಪೈಪಿಗೆ ಎರಡು ತಿರುವು. ಸದ್ದು ಜೋರು, ಹೊರಬಾಯಿಯಲ್ಲಿ ಟಿಶ್ಯೂ ಮಾತ್ರ ಸೋಮಾರಿ. ಒಂದು ಸೀಸನ್ ಉಪ್ಪುಗಾಳಿ ಕುಡಿದ ಮೇಲೆ ಬೇರಿಂಗು ಕಿರುಗುಟ್ಟಲು ಶುರು.

ಈಗಿರುವುದು ಮೂರನೆಯದು, ಬಸವನಹುಳುವಿನ ಚಿಪ್ಪಿನ ಆಕಾರದ ಬ್ಲೋವರ್. ದಪ್ಪಗಿದೆ, ಗೋಡೆಗೆ ಸ್ಕ್ರೂ ಹಾಕಲು ಭಾವ ತಲೆಕೆಳಗಾಗಿ ಮಲಗಬೇಕಾಯಿತು. ದುಡ್ಡೂ ಜಾಸ್ತಿ. ಆದರೆ ಅದೇ ಪೈಪು, ಅದೇ ತಿರುವು, ಟಿಶ್ಯೂ ಕೈಯಿಂದ ಕಿತ್ತುಕೊಂಡು ಹೋಯಿತು. ನನ್ನ ಓಟು ಇದಕ್ಕೇ. ಕೊಳವೆಗಳನ್ನು ಮಾತ್ರ ತೆಗೆದಿಲ್ಲ, ಗಾಳಿ ಇದ್ದಷ್ಟು ಹೊತ್ತು ಅವು ಪುಕ್ಕಟೆ ಕೆಲಸ ಮಾಡುತ್ತವೆ.

ಇದರ ನಡುವೆ ಒಬ್ಬ ಎಲೆಕ್ಟ್ರಿಷಿಯನ್ ಕಾರಿನ ರೇಡಿಯೇಟರ್ ಫ್ಯಾನ್ ತಂದ. "ಇದೂ 12 ವೋಲ್ಟೇ, ಸುಮ್ನೆ ದುಡ್ಡು ಯಾಕೆ ಹಾಳು?" ಅಂದ. ಅಂಥ ಮೋಟರಿನೊಳಗೆ ಬ್ರಷ್ ಉಜ್ಜಿ ಕಿಡಿ ಬರುತ್ತದೆ. ಬೋಟಿನ ಬ್ಲೋವರನ್ನು ಆ ಕಿಡಿಯಿಂದ ಹೊರಗಿನ ಆವಿ ಹೊತ್ತಿಕೊಳ್ಳದ ಹಾಗೆ ಕಟ್ಟಿರುತ್ತಾರೆ. ಚಹಾ ಕುಡಿಸಿ ಕಳಿಸಿದೆವು.

ನಮ್ಮದೇ ಒಂದು ಪೆದ್ದುತನ ಹೇಳಲೇಬೇಕು. ಹೊಸ ಬ್ಲೋವರ್ ಹಾಕಿದ ವಾರಕ್ಕೇ ಟಿಶ್ಯೂ ಮತ್ತೆ ಸುಮ್ಮನಾಯಿತು. ಬೈದುಕೊಂಡು ಬಿಚ್ಚಿದರೆ, ಪೈಪಿನ ಕೆಳಬಾಯಿ ಬಿಲ್ಜಿನ ನೀರಿನಲ್ಲಿ ಮುಳುಗಿತ್ತು. ಜೋತುಬಿದ್ದ ಕಡೆಯಲ್ಲೂ ಒಂದು ಚೊಂಬು ನೀರು! ಈಗ ಕೆಳಬಾಯಿ ತಳದ ಹತ್ತಿರವೇ ಇದೆ, ನೀರಿಗಿಂತ ಒಂದು ಗೇಣು ಮೇಲೆ. ಪೈಪನ್ನು ಎಳೆದು ಕಟ್ಟಿದ್ದೇವೆ.

ಅಮೆರಿಕದ ಕೋಸ್ಟ್ ಗಾರ್ಡ್ ನಿಯಮದಂತೆ ಇಂಥ ಬೋಟುಗಳಲ್ಲಿ ಒಂದು ಎಚ್ಚರಿಕೆ ಚೀಟಿ ಇರಬೇಕು: ಇಂಜಿನ್ ಚಾಲೂ ಮಾಡುವ ಮೊದಲು ಬ್ಲೋವರ್ 4 ನಿಮಿಷ ಓಡಲಿ, ಆವಿ ಇದೆಯಾ ನೋಡಿ. ನಾವೂ ಅದನ್ನೇ ಹಿಡಿದಿದ್ದೇವೆ. ಪೆಟ್ರೋಲ್ ತುಂಬುವಾಗ ಜನರನ್ನು ಇಳಿಸಿ, ಬ್ಲೋವರ್ ಬಂದ್ ಮಾಡಿ, ಮುಚ್ಚಳ ಎಲ್ಲ ಹಾಕುತ್ತೇವೆ. ತುಂಬಿದ ಮೇಲೆ ಮುಚ್ಚಳ ತೆಗೆದು ಮೂಸುವುದು, ವಾಸನೆ ಇಲ್ಲದಿದ್ದರೆ ಮಾತ್ರ ಬ್ಲೋವರ್. ಆವಿ ಪತ್ತೆ ಮಾಡುವ ಅಲಾರಂ ಕೂಡ ತಳದಲ್ಲಿ ಕೂರಿಸಿದ್ದೆವು. ಪೇಂಟಿನ ಥಿನ್ನರಿಗೂ ಕೂಗಿತು, ಆಮೇಲೆ ನೀರು ತಾಗಿ ಕೂಗುವುದನ್ನೇ ಬಿಟ್ಟಿತು. ಭಾವ ಮೊಣಕಾಲೂರಿ ಮೂಗು ತೂರಿಸುವುದು ಮಾತ್ರ ತಪ್ಪಿಲ್ಲ.

ಆ ಹಳೇ ಉದ್ದ ಬ್ಲೋವರ್ ಈಗ ನಮ್ಮ ಬಾಡಿಗೆ ರೂಮಿನ ಕಿಟಕಿಯಲ್ಲಿದೆ. ಬಂಗಡೆ ಹುರಿಯುವಾಗ ಕಿರುಗುಟ್ಟುತ್ತಾ ಹೊಗೆ ಎಳೆಯುತ್ತದೆ. ಅಲ್ಲಿ ಪೈಪೂ ಇಲ್ಲ, ತಿರುವೂ ಇಲ್ಲ.